ಬಾಗಿಲು ಕೊಟ್ಟು ತಂದ ಬೆಳಕು

ಸ್ವಂತ ಕೈಯಿಂದ ಮನೆ ಕಟ್ಟಿದವನಿಗೆ ಕಲ್ಲು, ಸುಣ್ಣ, ಮಣ್ಣು ಎಲ್ಲದರ ಬೆಲೆಯೂ ಬೆನ್ನಿನಲ್ಲಿ ನೆನಪಿರುತ್ತದೆ. ಬೆಳಕಿಗೂ ಬೆಲೆಯುಂಟೆಂದು ಮಾತ್ರ ನನಗೆ ಹೊಳೆದಿರಲಿಲ್ಲ. ಸೂರ್ಯನನ್ನು ಪುಕ್ಕಟೆ ನೋಡಿ ಬೆಳೆದವನು ನಾನು. ನಿಜಾಮರ ರಾಜ್ಯವನ್ನು ಭಾರತಕ್ಕೆ ಸೇರಿಸಿದ ಪೊಲೀಸ್ ಕಾರ್ಯಾಚರಣೆ, ಅದರ ಹಿಂದುಮುಂದಿನ ಕೊಲೆ-ಲೂಟಿಯ ಗದ್ದಲ ಮುಗಿದ ಮೇಲಿನ ವರ್ಷಗಳು ಅವು. ಕಲಬುರಗಿಯ ಗಂಜಿನಲ್ಲಿ, ಅಂದರೆ ಧಾನ್ಯದ ಪೇಟೆಯಲ್ಲಿ, ತೊಗರಿ ತೂಗಿಸುವ ಕೆಲಸ ನನ್ನದು. ಬಿಡುವು ಸಿಕ್ಕಾಗಲೆಲ್ಲ ಊರಂಚಿನ ಜಾಗದಲ್ಲಿ ಕಲ್ಲಿನ ಮೇಲೆ ಕಲ್ಲಿಟ್ಟು ಎರಡು ಕೋಣೆ ಎಬ್ಬಿಸಿದ್ದೆ. ಬಾಗಿಲೊಂದು ಬಾಕಿ. ಅದಕ್ಕೆಂದು ತಂದ ಸಾಗವಾನಿ ಹಲಗೆಗಳನ್ನು ದಿನಾ ಒಮ್ಮೆ ಕುದುರೆಯ ಮೈ ಸವರಿದಂತೆ ಸವರುತ್ತಿದ್ದೆ.

ಹೆಂಡತಿ ನೀಲಮ್ಮ ಬಾಣಂತನಕ್ಕೆ ಕಮಲಾಪುರದ ತವರಿನಲ್ಲಿದ್ದಳು. ಕರೆಯಲು ಹೋದರೆ, ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಮೆಲ್ಲಗೆ ಅಂದಳು: "ಗದ್ದಲದ ದಿನದಾಗ ದೀಪ ಆರಿಸಿ, ಉಸಿರು ಹಿಡಿದು ಕುಂತಿದ್ದೆವಲ್ರೀ, ಆ ಕತ್ತಲಿ ಇನ್ನಾ ನನ್ನ ಎದ್ಯಾಗ ಅದ. ಮನೀಗಿ ಕರೆಂಟ್ ಬಂದ ಮ್ಯಾಲ ಕರೀಲಿಕ್ಕಿ ಬರ್ರಿ." ಆ ಕತ್ತಲಲ್ಲಿ ಅವಳ ಪಕ್ಕದಲ್ಲೇ ಕೂತಿದ್ದವನು ನಾನು. ತಗಡು ಬಿದ್ದ ಸದ್ದಾದರೂ ಇನ್ನೂ ದೀಪ ಆರಿಸಲು ಏಳುತ್ತಿದ್ದೆ.

ವಿದ್ಯುತ್ ಕಚೇರಿಯ ಬಾಬು ನನ್ನನ್ನು ಕೂಡಿಸಿ, ಪಾನ್ ಅಗಿದು ಮುಗಿಸಿ, ಹೇಳಿದರು: "ಲೈನು ನಿಮ್ಮ ಗಲ್ಲಿ ಮುಟ್ಟಂಗಿಲ್ಲ. ನಡುವೆ ಒಂದು ಖಂಬಾ ನಿಂದ್ರಬೇಕು. ಖರ್ಚು ನಿಮ್ದು."

"ಖಂಬಾ ಸರ್ಕಾರದ್ದಲ್ಲೇನ್ರೀ ಸಾಹೇಬ್ರ?"

"ಬೇಶಕ್ ಸರ್ಕಾರದ್ದೇ. ರೊಕ್ಕ ಅಷ್ಟೇ ನಿಮ್ದು."

ಆಗ ಎರಡು ನಾಣ್ಯ ಚಲಾವಣೆಯಲ್ಲಿದ್ದವು. ಹೇಳಿದ ಮೊತ್ತ ನಿಜಾಮರ ಹಾಲಿ ರೂಪಾಯಿಯಲ್ಲೋ, ಭಾರತದ ಕಲ್ದಾರದಲ್ಲೋ ಎಂದು ಗಂಭೀರವಾಗಿ ವಿಚಾರಿಸಿದೆ. ವಿಚಾರಿಸಿದ್ದು ಗತ್ತಿಗೆ, ನನ್ನ ಹತ್ತಿರ ಎರಡೂ ಇರಲಿಲ್ಲ. ಇದ್ದದ್ದು ಹಲಗೆ. ಅವು ಬಂದ ಕಟ್ಟಿಗೆ ಅಡ್ಡೆಗೇ ಬಂಡಿಯಲ್ಲಿ ಹಿಂತಿರುಗಿದವು. ಮಾರಿ ಬಂದ ರೊಕ್ಕವನ್ನು ವಿದ್ಯುತ್ ಕಚೇರಿಗೆ ಕಟ್ಟಿದೆ. ಹೀಗೆ ನಮ್ಮ ಮನೆಯ ಬಾಗಿಲು ಬೀದಿಯಲ್ಲಿ ಕಂಬವಾಗಿ ನಿಂತಿತು. ಬಾಗಿಲಿನ ಜಾಗದಲ್ಲಿ ಗಂಜಿನ ಗೋಣಿತಟ್ಟು ಇಳಿಬಿಟ್ಟೆ.

ನೀಲಮ್ಮ, ಕೂಸು, ಅತ್ತೆ ಮೂವರೂ ಬಂದಿಳಿದ ಸಂಜೆ ಬಲ್ಬಿನ ಗುಂಡಿ ಒತ್ತಿದೆ. ಆ ಗಳಿಗೆಯನ್ನು ಹೇಗೆ ಹೇಳಲಿ! ಎಣ್ಣೆಯಿಲ್ಲ, ಬತ್ತಿಯಿಲ್ಲ, ಹೊಗೆಯಿಲ್ಲ. ಗಾಳಿ ಬೀಸಿ ಗೋಣಿತಟ್ಟು ಹಾರಿತು, ಬೆಳಕು ಅಲುಗಲಿಲ್ಲ. ಗೋಡೆಯ ಮೇಲೆ ನಮ್ಮ ನೆರಳುಗಳು ಜನ್ಮದಲ್ಲಿ ಮೊದಲ ಸಲ ನಡುಗದೆ ನಿಂತಿದ್ದವು. ಕೂಸು ಅಳು ಮರೆತು ಮೇಲೆ ನೋಡಿತು. ತಡೆಯಲು ಬಾಗಿಲಿಲ್ಲವಾದ್ದರಿಂದ ಇಡೀ ಗಲ್ಲಿ ಒಳಗೆ ಬಂತು. ಪಕ್ಕದ ಮನೆಯ ಮುದುಕ ರುಮಾಲು ತೆಗೆದು ಬಲ್ಬಿಗೆ ಕೈಮುಗಿದ. ಯಾರೂ ನಗಲಿಲ್ಲ.

ಎಚ್ಚರವಿದ್ದವರು ಅತ್ತೆ ಒಬ್ಬರೇ. "ಬೆಳಕು ಬಂತು, ಖರೆ. ಬಾಗಿಲಾ ಎಲ್ಲಿ ಅಳಿಯಂದ್ರೇ?"

"ಹೊರಗ ನಿಂತದ ನೋಡ್ರಿ ಅತ್ತೀ, ತಂತಿ ಹೊತ್ಕೊಂಡು."

"ಅದಕ್ಕ ಚಿಲಕ ಎಲ್ಲಿ ಹಾಕೂದು?"

ನಾನು ನೀಲಮ್ಮನ ಮುಖ ನೋಡಿದೆ. ತವರಿನಿಂದ ತಂದ ಬಟ್ಟೆಯ ಗಂಟು ಇನ್ನೂ ಬಿಚ್ಚಿರಲಿಲ್ಲ, ಎತ್ತಿಕೊಂಡು ಹಿಂತಿರುಗಬಹುದಿತ್ತು. ಅವಳು ಗೋಣಿತಟ್ಟನ್ನೊಮ್ಮೆ, ಬಲ್ಬನ್ನೊಮ್ಮೆ ನೋಡಿ, ಗಂಟು ಬಿಚ್ಚತೊಡಗಿದಳು. "ಇರ್ಲಿ ಬಿಡು ಯವ್ವಾ. ಈ ಬೆಳಕಿನಾಗ ಬರೋರು ಯಾರಂತ ಮಾರಿ ಕಾಣ್ತದಲ್ಲ."

ಅತ್ತೆ ಮಾತ್ರ ನನ್ನ ಮಂಚವನ್ನು ಹೊಸ್ತಿಲಿಗೆ ಅಡ್ಡ ಹಾಕಿಸಿಯೇ ಊರಿಗೆ ಹೊರಟರು. ಹಲಗೆ ಕೊಳ್ಳುವವರೆಗೆ ಆ ಮನೆಗೆ ಬಾಗಿಲು ನಾನೇ. ಸಾಗವಾನಿಯ ಗಟ್ಟಿತನ ನನಗಿರಲಿಲ್ಲ. ಆದರೆ ಯಾರು ಮುಟ್ಟಿದರೂ ಕಿರುಗುಟ್ಟುವ ಗುಣ ಪೂರ್ತಿ ಇತ್ತು ಎನ್ನುತ್ತಾಳೆ ನೀಲಮ್ಮ.