ಕಾಡಿನ ಹೋಟೆಲಿನ ವಿಭೂತಿ

ಪ್ಲಾಸ್ಟಿಕ್ ಸಾಮಾನು ಮಾರಿ ಹೊಟ್ಟೆ ಹೊರೆಯುವವನು ಪ್ಲಾಸ್ಟಿಕ್ ಕಂಡರಾಗದ ಹೋಟೆಲಿಗೆ ದುಡ್ಡು ಕೊಟ್ಟು ಹೋಗಬಾರದು. ನಾನು ಹೋದೆ. ನಂಜನಗೂಡಿನಲ್ಲಿ ಬಕೆಟ್ಟು, ಬಿಂದಿಗೆ, ಕುರ್ಚಿ ಮಾರುವ ಬಸವೇಶ್ ಅಂದರೆ ನಾನೇ. ಕಾಡಿಗೂ ನನಗೂ ಇದ್ದ ಸಂಬಂಧ ಅಂಗಡಿಯ ಕ್ಯಾಲೆಂಡರಿನ ಹುಲಿಯಷ್ಟೇ.

ಶೋಕಿಗೆ ಹೋದದ್ದಲ್ಲ, ದಯವಿಟ್ಟು ಹಾಗೆ ತಿಳಿಯಬೇಡಿ. ನನ್ನ ಹೆಂಡತಿ ಸಿದ್ದಲಿಂಗಮ್ಮನ ಹೊಟ್ಟೆಯಲ್ಲಿ ಗೆಡ್ಡೆಯಿದೆ, ಸೋಮವಾರ ಆಪರೇಷನ್ ಎಂದು ಮೈಸೂರಿನ ಡಾಕ್ಟರು ಹೇಳಿದ್ದರು. ಒಳ್ಳೆಯ ಗೆಡ್ಡೆಯೋ ಕೆಟ್ಟದ್ದೋ ತೆಗೆದ ಮೇಲೇ ಗೊತ್ತಾಗುವುದಂತೆ. 'ಅಲ್ಲಿಯವರೆಗೂ ಅವರ ಮನಸ್ಸು ಹಗುರವಾಗಿರಲಿ' ಅಂದರು. ಹಗುರ ಮಾಡುವುದು ಹೇಗೆಂದು ಮಾತ್ರ ಹೇಳಲಿಲ್ಲ.

ಮನೆಯಲ್ಲಿ ಇವಳು ನನಗೆ ಟ್ರೈನಿಂಗ್ ಶುರುಮಾಡಿದ್ದಳು. ಸಾಸಿವೆ ಈ ಡಬ್ಬಿ, ಮೆಂತ್ಯ ಆ ಡಬ್ಬಿ, ಹುಣಿಸೆಹಣ್ಣು ಅಟ್ಟದ ಮೇಲೆ.

"ಸಾಯೋರ ಥರ ಮಾತಾಡ್ತೀಯಲ್ಲೇ!" ಎಂದು ರೇಗಿದೆ.

"ಇದು ಸಾಯೋರ್ ಮಾತಲ್ಲ ಕಣ್ರೀ, ಉಣ್ಣೋರ್ ಮಾತು. ಉಪ್ಪು ಯಾವ್ದು ಸೋಡಾ ಯಾವ್ದು ತಿಳೀದೆ ನೀವೇ ಮೊದ್ಲು ಓಗ್ಬುಟ್ರೆ?"

ಅವಳನ್ನು ಆ ಡಬ್ಬಿಗಳಿಂದ ದೂರ ಸಾಗಿಸುವುದೇ ಸರಿ ಎಂಬ ಘನವಾದ ಆಲೋಚನೆ ನನಗೆ ಬಂದದ್ದು ಆಗ. ಗುಂಡ್ಲುಪೇಟೆ ದಾಟಿ, ಜೀಪಿನಲ್ಲಿ ಸೊಂಟ ಕಳಚುವಷ್ಟು ಕುಲುಕಿಸಿಕೊಂಡು, 'ಪರಿಸರಸ್ನೇಹಿ ವನವಿಶ್ರಾಂತಿ ಧಾಮ' ತಲುಪಿದೆವು. ಬಾಗಿಲಲ್ಲೇ ಅಲ್ಲಿಯ ಕೆಲಸದ ಮಾದು ಗೋಣಿಚೀಲ ಹಿಡಿದು ನಿಂತಿದ್ದ.

"ಸಾ, ಪ್ಲಾಸ್ಟಿಕ್ಕು ಒಳಿಕ್ ಬುಡಂಗಿಲ್ಲ. ಓಗುವಾಗ ಈಸ್ಕಳಿ."

ನನ್ನ ವೃತ್ತಿಗೇ ಅವಮಾನ! ಮ್ಯಾನೇಜರನ್ನು ಕರೆಸಿ, ಪ್ಲಾಸ್ಟಿಕ್ಕಿನ ಉಪಕಾರಗಳ ಮೇಲೆ ಒಂದು ಸಣ್ಣ ಉಪನ್ಯಾಸವನ್ನೇ ಕೊಟ್ಟೆ. ಅಷ್ಟರಲ್ಲಿ ಮಾದು ನನ್ನ ಬಾಚಣಿಗೆ, ಟಾರ್ಚು, ಉಪ್ಪಿನಕಾಯಿ ಎಲ್ಲವನ್ನೂ ಚೀಲಕ್ಕೆ ತುಂಬಿ, ಇವಳನ್ನು ಕರೆದುಕೊಂಡು ಹೋಗಿ ನಮ್ಮ ಗುಡಿಸಲನ್ನೂ ಹಿತ್ತಿಲನ್ನೂ ತೋರಿಸಿ ಬಂದಿದ್ದ. ವಿಭೂತಿ ಗಟ್ಟಿ ಇದ್ದ ಡಬ್ಬಿಯೂ ಚೀಲದೊಳಗೇ ಹೋಯಿತೆಂದು ನನಗೆ ಹೊಳೆದದ್ದು ಚೀಲ ಬೀರು ಸೇರಿ ಬೀಗ ಬಿದ್ದಮೇಲೆ.

ಗುಡಿಸಲಿನಲ್ಲಿ ಕರೆಂಟಿಲ್ಲ, ಫ್ಯಾನಿಲ್ಲ, ಫೋನಿಗೆ ಸಿಗ್ನಲ್ ಇಲ್ಲ. ಸೋಪಿನ ಬದಲು ಸೀಗೆಪುಡಿ. ಕಕ್ಕಸು ಹಿತ್ತಿಲಿನಲ್ಲಿ. ಅದನ್ನು ನಾನು ಇಣುಕಿಯೂ ನೋಡಲಿಲ್ಲ. (ಊರು ಬದಲಾದರೆ ನನ್ನ ಹೊಟ್ಟೆ ಮೌನವ್ರತ ಹಿಡಿಯುತ್ತದೆ. ಈ ವಿವರ ಯಾಕೆ ಬೇಕಿತ್ತು ಎನ್ನಬೇಡಿ, ಮುಂದೆ ಬೇಕಾಗುತ್ತದೆ.)

ಸಂಜೆ ಜಗುಲಿಯ ಮೇಲೆ ಕೂತೆವು. ಸುತ್ತ ಕಾಡು. ಎಲ್ಲೋ ಜಿಂಕೆ ಕೂಗಿತು. ಇವಳ ಮನಸ್ಸು ಹಗುರವಾಗುತ್ತಿರಬೇಕು ಎಂದುಕೊಂಡೆ.

"ರೀ, ಮುದ್ದೆಗೆ ಎಸರು ಕುದ್ದ ಮ್ಯಾಲೇ ರಾಗಿ ಇಟ್ಟು ಆಕ್ಬೇಕು. ಗಂಟಾದ್ರೆ ಗಾಬರಿ ಆಗ್ಬ್ಯಾಡಿ, ಕೋಲಲ್ಲಿ ಚೆನ್ನಾಗಿ ತಿರುವಿ."

ಡಬ್ಬಿಗಳು ನಮ್ಮ ಹಿಂದೆಯೇ ಬಂದಿದ್ದವು. ಏನಾದರೂ ಸಮಾಧಾನ ಹೇಳಬೇಕಿತ್ತು, "ಸೊಳ್ಳೆ ಜಾಸ್ತಿ, ಒಳಗೆ ನಡಿ" ಎಂದೆ.

ಬೆಳಿಗ್ಗೆ ಸ್ನಾನ ಮಾಡಿ ಬಂದೆ. ವಿಭೂತಿಯಿಲ್ಲದೆ ಲಿಂಗಪೂಜೆ ಹೇಗೆಂದು ಪೇಚಾಡುತ್ತಿರುವಾಗ ಹಿತ್ತಿಲ ಬಾಗಿಲ ಪಕ್ಕದ ಗೋಡೆಗೂಡು ಕಣ್ಣಿಗೆ ಬಿತ್ತು. ನಮ್ಮಜ್ಜಿಯ ಮನೆಯಲ್ಲೂ ಹೀಗೇ ಗೂಡಿನಲ್ಲಿ ವಿಭೂತಿ ಇಡುತ್ತಿದ್ದರು. ಇಲ್ಲಿ ಪುಟ್ಟ ಮಡಕೆ, ಅದರ ತುಂಬ ನುಣುಪಾದ ಬೂದಿ, ಪಕ್ಕದಲ್ಲೊಂದು ದಾಸವಾಳ. ಪರವಾಗಿಲ್ಲ, ಸಂಸ್ಕಾರವಂತರ ಹೋಟೆಲು! ಹಣೆ, ತೋಳು, ಎದೆಗೆಲ್ಲ ಧಾರಾಳವಾಗಿ ಧರಿಸಿದೆ. ಚಿಟಿಕೆ ಹಿಡಿದು ಇವಳ ಹಣೆಗೂ ಇಡಲು ಹೋದೆ.

ಇವಳು ತಟ್ಟನೆ ಹಿಂದೆ ಸರಿದಳು. "ನಂಗ್ ಬ್ಯಾಡಿ."

ತಗಡೂರಿನ ಶಿವಭಕ್ತರ ಮನೆಯ ಹೆಣ್ಣುಮಗಳು, ಜ್ವರದಲ್ಲಿ ಕಣ್ಣು ಬಿಡಲಾಗದಿದ್ದಾಗಲೂ ವಿಭೂತಿಗೆ ಹಣೆ ಒಡ್ಡಿದವಳು! ಇವಳು ಶಿವನ ಕೈಬಿಟ್ಟಿದ್ದಾಳೆ ಎಂದರೆ ಬದುಕುವ ಆಸೆಯನ್ನೇ ಬಿಟ್ಟಿದ್ದಾಳೆ.

"ಸಿದ್ದೂ, ಹಂಗನ್ಬೇಡ ಕಣೇ," ಎಂದೆ. ಅಷ್ಟೇ ಹೇಳಬೇಕೆಂದಿದ್ದೆ. ಆದರೆ ಕಟ್ಟೆ ಒಡೆಯಿತು. ನೀನಿಲ್ಲದೆ ಆ ಮನೆಯಲ್ಲಿ ದೀಪ ಹಚ್ಚಲೂ ನನಗೆ ಕೈ ಬರುವುದಿಲ್ಲ ಎಂದೆ. ನಿನ್ನ ಸಾರಿಗೆ ಉಪ್ಪು ಕಡಿಮೆ ಅಂದದ್ದೆಲ್ಲ ಸುಳ್ಳು ಎಂದೆ. ನನಗೆ ಭಯ ಆಗ್ತಿದೆ ಕಣೇ ಎಂದೆ. ಬೂದಿಯೂ ಕಣ್ಣೀರೂ ಕಲಸಿಕೊಂಡು ಮೀಸೆಯ ಮೇಲಿಂದ ಬಾಯಿಗೆ ಇಳಿಯುತ್ತಿದ್ದವು. ಇವಳು ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು, ಭುಜ ಕುಲುಕತೊಡಗಿತು. ಅವಳೂ ಅಳುತ್ತಿದ್ದಾಳೆಂದು ನಾನು ಇನ್ನೂ ಜೋರಾಗಿ ಅತ್ತೆ.

ಕಾಫಿ ತಂದ ಮಾದು ಬಾಗಿಲಲ್ಲೇ ನಿಂತ. "ಅಯ್ಯಯ್ಯೋ! ಅದ್ಯಾಕ್ ಸಾ ಕಕ್ಕಸ್ ಬೂದಿ ಬಳ್ಕಂಡಿದ್ದೀರಿ?"

ಅಲ್ಲಿಯ ಪರಿಸರಸ್ನೇಹಿ ಕಕ್ಕಸಿಗೆ ನೀರು ಹಾಕುವ ಹಾಗಿಲ್ಲವಂತೆ. ಕೂತೆದ್ದ ಮೇಲೆ ಗೂಡಿನ ಮಡಕೆ ಒಯ್ದು ಒಂದು ಹಿಡಿ ಬೂದಿ ಸುರಿಯಬೇಕು. ಹಿಂದಿನ ದಿನವೇ ಮಾದು ಇವಳಿಗೆ ತೋರಿಸಿಕೊಟ್ಟಿದ್ದ.

ಸೆರಗು ಜಾರಿತು. ಇವಳು ಅಳುತ್ತಿರಲಿಲ್ಲ, ನಗು ತಡೆದು ತಡೆದು ಮುಖ ಕೆಂಪಾಗಿತ್ತು.

"ಗೊತ್ತಿದ್ದೂ ಯಾಕೇ ಬಾಯ್ಬಿಡ್ಲಿಲ್ಲ?" ಎಂದು ಕೂಗಿದೆ.

"ನೀವು ಅಳ್ತಿದ್ರಲ್ಲ! ಮದ್ವೆ ಆದಾಗ್ನಿಂದ ಒಂದ್ ದಿನ ನನ್ ಬಗ್ಗೆ ಇಂಗ್ ಮಾತಾಡಿದ್ದಿದ್ಯಾ? ಮಧ್ಯಕ್ಕೆ ಕಕ್ಕಸ್ ವಿಚಾರ ಎತ್ತಿದ್ರೆ ನಿಂತೋಗ್ತಿತ್ತು. ಅದ್ಕೇ ಸುಮ್ಕಿದ್ದೆ."

ಹೊಟ್ಟೆ ಹಿಡಿದುಕೊಂಡು ನಕ್ಕಳು. ನಗುತ್ತ ನಗುತ್ತ, ಹಿಡಿದದ್ದು ಯಾವ ಹೊಟ್ಟೆ ಎಂದು ಇಬ್ಬರಿಗೂ ನೆನಪಾಯಿತು. ಕಾಫಿ ಆರಿತು.

ಇವತ್ತು ಸೋಮವಾರ. ಆಪರೇಷನ್ ಥಿಯೇಟರಿನ ಬಾಗಿಲಲ್ಲಿ ನಮ್ಮ ಡಬ್ಬಿಯ ವಿಭೂತಿಯನ್ನೇ ಅವಳ ಹಣೆಗಿಟ್ಟೆ. ಗಟ್ಟಿಯನ್ನು ಈಸಿಕೊಂಡು ಮೂಸಿ ನೋಡಿದಳು. "ಊಂ, ಇದು ನಮ್ದೇಯ." ಆಮೇಲೆ ಮೆಲ್ಲಗೆ, "ರೀ, ಅವತ್ತಿನಂಗೆ ಒಸಿ ಅಳಿ. ಧೈರ್ಯ ಬತ್ತದೆ," ಅಂದಳು. ಅವಳ ಕೈ ತಣ್ಣಗಿತ್ತು.

ಅಳೋಣವೆಂದು ಬಾಯಿ ತೆರೆದೆ. ಕಣ್ಣಮುಂದೆ ಆ ಮಡಕೆ, ಆ ದಾಸವಾಳ! ಪಕ್ಕನೆ ನಗು ಬಂದುಬಿಟ್ಟಿತು. "ಏನ್ರೀ ಯಜಮಾನ್ರೆ, ಹೆಂಡ್ತಿಗೆ ಆಪರೇಷನ್, ನಿಮಗೆ ನಗು!" ಎಂದು ನರ್ಸಮ್ಮ ಗದರಿದರು.

"ಓಗ್ಲಿ ಬುಡಿ," ಅಂದಳು ಸಿದ್ದೂ, ಸ್ಟ್ರೆಚರ್ ಒಳಕ್ಕೆ ಹೋಗುತ್ತಿರುವಾಗ. "ಬಂದ್ ಮ್ಯಾಲೆ ಅಳೀರಂತೆ."

ಬಾಗಿಲು ಮುಚ್ಚಿದೆ. ಕೆಂಪು ದೀಪ ಇನ್ನೂ ಆರಿಲ್ಲ. ಅಳು ಈಗ ಬರುತ್ತಿದೆ, ಒತ್ತರಿಸಿಕೊಂಡು ಬರುತ್ತಿದೆ. ಹಲ್ಲು ಕಚ್ಚಿ ತಡೆದುಕೊಂಡು ಕೂತಿದ್ದೇನೆ. ಇಲ್ಲೇ ಎಲ್ಲ ಅತ್ತು ಮುಗಿಸಿದರೆ, ಅವಳು ಬಂದು ಕೇಳಿದಾಗ ಏನು ಮಾಡಲಿ?