ಕ್ರಾಬ್‌ಟ್ರೀ ಸಾಹೇಬರ ಬಕೆಟ್ಟು

ಆಬೆಲ್ ಕ್ರಾಬ್‌ಟ್ರೀ ಗಡ್ಡ ಹೆರೆದುಕೊಳ್ಳುತ್ತಿದ್ದರು. ಒಂದು ಕೆನ್ನೆ ನುಣ್ಣಗಾಗಿತ್ತು, ಇನ್ನೊಂದರ ಮೇಲೆ ನೊರೆಯಿತ್ತು. ಅವರ ಚರ್ಮದ ಕಾರ್ಖಾನೆಯ ಮೇಸ್ತ್ರಿ ಸೈಲಸ್ ಒಳಗೆ ಬಂದ.

"ಧಣಿ, ನಾಯಿ ಹೇಲು ಮುಗಿದುಹೋಗಿದೆ."

ಚರ್ಮ ಮೆತ್ತಗಾಗಬೇಕಾದರೆ ನಾಯಿ ಹೇಲು ಕದಡಿದ ಬಿಸಿನೀರಿನಲ್ಲಿ ನೆನೆಯಲೇಬೇಕು. ಬಡ ಮುದುಕಿಯರು ಬೀದಿಯಲ್ಲಿ ಆರಿಸಿ ತಂದುಕೊಡುತ್ತಿದ್ದರು. ಆದರೆ ಮೇಯರ್ ಆಗುವ ಹುಚ್ಚಿನಲ್ಲಿ ಸಾಹೇಬರೇ ನಗರಸಭೆಯಲ್ಲಿ ಸ್ವಚ್ಛತೆಯ ಬಗ್ಗೆ ಗುಡುಗಿ, ಹೇಲಿನ ಬಕೆಟ್ಟು ಹಿಡಿದವರಿಗೆ ಜೈಲು ಎಂಬ ಕಾನೂನು ಮಾಡಿಸಿದ್ದರು.

ಇವತ್ತೇ ಸಿಗದಿದ್ದರೆ ತೊಟ್ಟಿಯಲ್ಲಿರುವ ಮುನ್ನೂರು ಮೇಕೆ ಚರ್ಮ ಹಾಳು ಎಂದ ಸೈಲಸ್. ಜೈಲಿನ ಹೆದರಿಕೆಗೆ ಆಳುಗಳು ಯಾರೂ ಬಕೆಟ್ಟು ಮುಟ್ಟುತ್ತಿರಲಿಲ್ಲ. "ಕಾನೂನು ಮಾಡಿದೋರನ್ನ ಪೊಲೀಸು ಹಿಡೀತಾನಾ? ನೀವೇ ಹೋಗ್ಬನ್ನಿ," ಎಂದು ಅವನೇ ಉಪಾಯ ಹೇಳಿದ.

ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡ ಏಳು ವರ್ಷದ ಮಗಳು ಫೀಬಿ, "ಅಪ್ಪಾ, ಹಾಗಾದ್ರೆ..." ಎಂದಳು.

"ಆಮೇಲೆ ಕೇಳು ಪುಟ್ಟಿ."

ತಿರುಗಾಟದಂತೆ ಕಾಣಲೆಂದು ಅವಳನ್ನೂ ಕರೆದುಕೊಂಡು ಸಾಹೇಬರು ಬಕೆಟ್ಟು ಹಿಡಿದು ಹೊರಟರು. ಉದ್ದ ಟೋಪಿ ಹಾಕಿಕೊಂಡು, ಪಾದ್ರಿಯ ನಾಯಿಯ ಹಿಂದೆ, ಮೊಟ್ಟೆಯಿಡುವ ಕೋಳಿಯಂತೆ ಕುಕ್ಕರಿಸಿದ್ದಾಗ ಪಕ್ಕದ ಮನೆಯ ಟಟಲಮ್ಮ ಕಿಟಕಿ ತೆರೆದರು. ಏನು ಮಾಡುತ್ತಿದ್ದೀರಿ ಎಂದು ಕೇಳಿದರು. ಊರು ಗುಡಿಸುತ್ತಿದ್ದೇನೆ ಎನ್ನದೆ ಬೇರೆ ದಾರಿಯಿರಲಿಲ್ಲ.

ಎಂಥ ದೊಡ್ಡ ಮನಸ್ಸು ಎಂದು ಟಟಲಮ್ಮ ಕಣ್ಣೊರೆಸಿಕೊಂಡು ಕಟುಕನಿಗೆ ಹೇಳಿದರು, ಕಟುಕ ಊರಿಗೆಲ್ಲ ಹೇಳಿದ. ನಲವತ್ತು ಜನ ಹಿಂದೆ ಬಿದ್ದು, "ಇಲ್ಲೊಂದು ಬಿಟ್ರಿ ಸಾಹೇಬ್ರೇ" ಎಂದು ತೋರಿಸತೊಡಗಿದರು. ಹೋದ ವಾರ ಇಂಥದೇ ಬಕೆಟ್ಟಿಗೆ ನೆಲ್ ಅಜ್ಜಿಯನ್ನು ಎಳೆದೊಯ್ದಿದ್ದ ಪೊಲೀಸಪ್ಪ ಸಲಾಮು ಹೊಡೆದ. ಹನ್ನೊಂದಕ್ಕೆಲ್ಲ ಬಕೆಟ್ಟು ತುಂಬಿತು. ಸಾಹೇಬರ ಮನಸ್ಸು ಕುಣಿಯಿತು.

"ಅಪ್ಪಾ, ಮತ್ತೆ..."

"ಆಮೇಲೆ ಅಂದ್ನಲ್ಲ."

ಸೇತುವೆಯ ಮೇಲೆ ಪಾದ್ರಿ ಎದುರಾದರು. ಇಂಥ ದೊಡ್ಡವರು ಇಷ್ಟು ಹೊರಬೇಕೇ ಎಂದು ಬಕೆಟ್ಟು ಕಿತ್ತುಕೊಂಡು ಹೊಳೆಗೆ ಸುರಿದೇಬಿಟ್ಟರು. ಜನ ಚಪ್ಪಾಳೆ ತಟ್ಟಿದರು. ಬಿಸಿತುಪ್ಪ ಬಾಯಲ್ಲಿಟ್ಟವರಂತೆ ಸಾಹೇಬರು ನಕ್ಕರು.

ಮಧ್ಯಾಹ್ನ ಮೇಯರನ್ನು ಆರಿಸಲು ಸೇರಿದ ನಗರಸಭೆಯಲ್ಲಿ ಸಾಹೇಬರ ಪರವಾಗಿ ಎಲ್ಲ ಕೈಗಳೂ ಮೇಲೆದ್ದವು. ಚರ್ಮ ಹೋದರೆ ಹೋಗಲಿ, ಮೇಯರ್ ಪಟ್ಟವಾದರೂ ಸಿಕ್ಕಿತು ಎಂದು ಅವರು ಸಮಾಧಾನಪಟ್ಟುಕೊಂಡರು. ಇನ್ನು ಬೈಬಲ್ಲಿಗೆ ಮುತ್ತಿಟ್ಟು ಪ್ರಮಾಣ ಮಾಡುವುದೊಂದೇ ಬಾಕಿ. ಕ್ರಿಸ್‌ಮಸ್ಸಿಗೆ ಸಾಹೇಬರೇ ತಮ್ಮ ಕಾರ್ಖಾನೆಯ ಚರ್ಮದ ರಟ್ಟು ಹಾಕಿಸಿ ಚರ್ಚಿಗೆ ಕೊಟ್ಟಿದ್ದ ಬೈಬಲ್ಲು ಅದು. ಪಾದ್ರಿ ಅದನ್ನು ಕೆನ್ನೆಗೊತ್ತಿಕೊಂಡು, ಎಷ್ಟು ಮೃದು ಎಂದು ಮೆಚ್ಚಿ, ಮೊದಲ ಮುತ್ತು ತಾವೇ ಇಟ್ಟರು. ಅನಂತರ ಅದನ್ನು ಸಾಹೇಬರತ್ತ ಚಾಚಿದರು.

ಪಕ್ಕದಲ್ಲಿದ್ದ ಫೀಬಿ ಅಪ್ಪನ ಕೋಟು ಜಗ್ಗಿದಳು.

"ಅಪ್ಪಾ, ಈ ಬುಕ್ಕಿನ ಚರ್ಮಾನೂ ನಾಯಿ ಕಕ್ಕದಲ್ಲೇ ನೆನೆಸಿದ್ದಾ?"