ಮೈಸೂರಿಗೇ ದಪ್ಪನೆಯ ಹಸು

ಎಲ್ಲಕ್ಕೂ ಕಾರಣ ಜಯಲಕ್ಷ್ಮಿಪುರಂನ ಆ ರಿಟೈರ್ಡ್ ಮೇಷ್ಟ್ರು. ಪೆನ್ಷನ್ ತಗೊಂಡು, ಪೇಪರ್ ಓದಿಕೊಂಡು ತೆಪ್ಪಗಿರಬಾರದಿತ್ತೇ? ಇಂಗ್ಲಿಷ್ ಕಲಿಯಲು ಬಂದ ಗುಮಾಸ್ತೆ ಮರಿಸ್ವಾಮಿಗೆ ಹೀಗೆ ಹೇಳಿ ಕಳಿಸಿದರು:

"ಇಂಗ್ಲಿಷಲ್ಲಿ ಮೂರು ಮೆಟ್ಟಿಲು ಕಣ್ರೀ. ಒಳ್ಳೇದು, ಅದಕ್ಕಿಂತ ಒಳ್ಳೇದು, ಎಲ್ಲಕ್ಕಿಂತ ಒಳ್ಳೇದು. ನೀವು ಮೊದಲನೇದ್ರಲ್ಲೇ ನಿಂತ್ಬುಡ್ತೀರಿ. ನಾಳೆ ಎದ್ದಾಗಿನಿಂದ ಕಣ್ಣಿಗೆ ಬಿದ್ದದ್ದನ್ನೆಲ್ಲಾ ಮೂರನೇ ಮೆಟ್ಟಿಲಿಗೆ ಹತ್ತಿಸಿ. ಬಾಯಿಬಿಟ್ಟು, ಜೋರಾಗಿ!"

ನಾಳೆಯೇ ಸಂದರ್ಶನ. ಅವನು ಕೆಲಸ ಮಾಡುವ ಮೇಟಗಳ್ಳಿ ಕಡೆಯ ಮಿಲ್ಲಿನಲ್ಲೇ ಹೆಡ್ ಕ್ಲಾರ್ಕ್ ಜಾಗ ಖಾಲಿಯಿತ್ತು. ಹೊಸ ಮ್ಯಾನೇಜರ್ ರಾಮಸ್ವಾಮಿಯವರ ಎದುರು ಯಾರು ಚೆನ್ನಾಗಿ ಇಂಗ್ಲಿಷ್ ಮಾತಾಡುತ್ತಾರೋ ಅವರಿಗೆ ಆ ಜಾಗ. ಜಾಗದ ಜೊತೆಗೆ ಕ್ವಾರ್ಟರ್ಸು, ಕ್ವಾರ್ಟರ್ಸಿನೊಳಗೆ ಸ್ವಂತ ನಲ್ಲಿ. ಬನ್ನಿಮಂಟಪದ ದೇವಯ್ಯನವರ ವಠಾರದಲ್ಲಿ ಏಳು ಮನೆಗೂ ಒಂದೇ ನಲ್ಲಿ. ಅದರ ಮುಂದೆ ಕೊಡ ಹಿಡಿದು ನಿಂತು ನಿಂತು ಮರಿಸ್ವಾಮಿಯ ಹೆಂಡತಿ ಸರೋಜಮ್ಮನ ಸೊಂಟ ಬಿದ್ದುಹೋಗಿತ್ತು. "ಆ ನಲ್ಲಿ ತಕ್ಕೊಡಿ, ಇನ್ನೇನೂ ಕೇಳಲ್ಲ ರೀ" ಎಂದು ಗಂಡನಿಗೆ ಹೇಳಿ, ಅವಳು ಬೆಟ್ಟದ ಚಾಮುಂಡಿಗೆ ಹರಕೆಯನ್ನೂ ಹೊತ್ತಿದ್ದಳು.

ಬೆಳಿಗ್ಗೆ ಬಾಗಿಲು ತೆಗೆದಾಗ ಮರಿಸ್ವಾಮಿಯ ಕಣ್ಣಿಗೆ ಮೊದಲು ಬಿದ್ದದ್ದು ಎದುರುಮನೆ ಚಾಮುಂಡಮ್ಮನ ಹಸು. ಚಾಮುಂಡಮ್ಮ ಹಾಲು ಕರೆಯುತ್ತಿದ್ದಳು. ಇವನು ಎದೆಯುಬ್ಬಿಸಿ ಗುಡುಗಿದ:

"ಯುವರ್ ಕೌ ಈಸ್ ದಿ ಫ್ಯಾಟೆಸ್ಟ್ ಕೌ ಇನ್ ಮೈಸೂರ್!"

"ಏನಪ್ಪಾ ಅದು? ಬೆಳಬೆಳಿಗ್ಗೇನೆ ಬಯ್ತಾ ಇದ್ದೀಯಾ?"

ಅಷ್ಟಕ್ಕೇ ಬಿಟ್ಟಿದ್ದರೆ ಏನೂ ಆಗುತ್ತಿರಲಿಲ್ಲ. ಆದರೆ ಪುಣ್ಯಾತ್ಮ ಕನ್ನಡದಲ್ಲಿ ಬಿಡಿಸಿ ಹೇಳಿದ. "ಬಯ್ಗುಳ ಅಲ್ಲ ಕಣಮ್ಮ, ಮೈಸೂರಿಗೇ ಇಷ್ಟು ದಪ್ಪನೇ ಹಸು ಇಲ್ಲ ಅಂತಂದೆ!"

ಆ ಕೂಗಿಗೆ ಹಸು ಬೆದರಿ ಒದ್ದುಬಿಟ್ಟಿತು. ಚೆಂಬು ಒಂದು ಕಡೆ, ಹಾಲು ಒಂದು ಕಡೆ, ಚಾಮುಂಡಮ್ಮ ಇನ್ನೊಂದು ಕಡೆ.

ಮರಿಸ್ವಾಮಿ ಮೆಲ್ಲನೆ ಜಾರಿಕೊಂಡು ವಠಾರದ ಬಾಗಿಲಿಗೆ ಬಂದ. ಅಲ್ಲಿ ಯಜಮಾನ ದೇವಯ್ಯನವರು ಹೊಸ ಸೈಕಲ್ಲಿಗೆ ಎಣ್ಣೆ ಹಾಕುತ್ತಿದ್ದರು. "ದಿ ಬೆಸ್ಟ್ ಸೈಕಲ್, ಸ್ವಾಮಿ! ಇಡೀ ಬನ್ನಿಮಂಟಪಕ್ಕೇ ಬೆಸ್ಟು!" ದೇವಯ್ಯನವರು ಹಿಗ್ಗಿ ಸೈಕಲ್ ಹತ್ತಿದರು. ಗೇಟು ದಾಟುವಷ್ಟರಲ್ಲಿ ಟೈರು ಢಬ್ಬೆಂದಿತು.

ಸದ್ದಿಗೆ ಹೊರಬಂದವನು ಕೊನೆಮನೆಯ ಚೆಲುವರಾಜು. ಅವನೂ ಅದೇ ಮಿಲ್ಲಿನ ಗುಮಾಸ್ತೆ, ಅದೇ ಜಾಗದ ಮೇಲೆ ಕಣ್ಣಿಟ್ಟವನು. ಬಿದ್ದ ಚೆಂಬು ನೋಡಿದ, ಒಡೆದ ಟೈರು ನೋಡಿದ, ಕೊನೆಗೆ ಮರಿಸ್ವಾಮಿಯ ಮುಖ ನೋಡಿದ.

"ಕಣ್ಣು ಕಣ್ರೀ! ಇದು ಕೆಟ್ಟ ಕಣ್ಣು!"

ಚಾಮುಂಡಮ್ಮ ಕೂಡಲೇ ಉಪ್ಪು ಮೆಣಸಿನಕಾಯಿ ತಂದು ಹಸುವಿಗೆ ನಿವಾಳಿಸಿ ಕೆಂಡಕ್ಕೆ ಹಾಕಿದಳು. ಘಾಟು ಬಂದರೆ ದೃಷ್ಟಿಯಿಲ್ಲ, ಬರದಿದ್ದರೆ ದೃಷ್ಟಿ ತಾಕಿದೆ ಎಂಬುದು ವಠಾರದ ಮಕ್ಕಳಿಗೂ ಗೊತ್ತು. ಎಲ್ಲರೂ ಮೂಗರಳಿಸಿ ನಿಂತರು. ಒಬ್ಬರೂ ಕೆಮ್ಮಲಿಲ್ಲ.

ಸರೋಜಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ ಬಂದಳು. "ಆ ಮೆಣಸಿನಕಾಯಿ ಹೋದ ವರ್ಷದ್ದು, ಮುಗ್ಗಲು! ನಮ್ಮನೇಲಿ ಗುಂಟೂರಿಂದೈತೆ, ಒಂದು ಸುಟ್ರೆ ಇಡೀ ಬನ್ನಿಮಂಟಪ ಕೆಮ್ತದೆ. ನನ್ ಗಂಡನ ಕಣ್ಣಿಗೆ ಏನೂ ಆಗಿಲ್ಲ. ಚಿನ್ನದಂಥ ಕಣ್ಣು!"

"ಚಿನ್ನಾನೇ ಇರ್ಲಿ ಕಣಮ್ಮ, ಆ ನಲ್ಲಿ ಕಡೆ ಮಾತ್ರ ತಿರುಗಿಸ್ಬೇಡ ಅನ್ನು. ಕೈ ಮುಗೀತೀನಿ" ಎಂದರು ದೇವಯ್ಯನವರು. ಮರಿಸ್ವಾಮಿ ಆಫೀಸಿಗೆ ಹೊರಟಾಗ ಹೆಂಗಸರು ಕೊಡಗಳಿಗೆ ಸೆರಗು ಮುಚ್ಚಿ ನಿಂತಿದ್ದರು.

ಮರಿಸ್ವಾಮಿ ಮಿಲ್ಲು ಸೇರುವ ಮೊದಲೇ ಸುದ್ದಿ ಚೆಲುವರಾಜುವಿನ ಬಾಯಿಂದ ಅಲ್ಲಿ ಹಬ್ಬಿಯಾಗಿತ್ತು. ಊಟದ ಹೊತ್ತಿಗೆ ಜೊತೆಯವರೆಲ್ಲಾ ಬುತ್ತಿಯನ್ನು ಮೇಜಿನ ಕೆಳಗಿಟ್ಟುಕೊಂಡು ಬಗ್ಗಿ ತಿಂದರು. ಒಬ್ಬ ಹೊಸ ಅಂಗಿ ಹಾಕಿಕೊಂಡು ಬಂದಿದ್ದವನು ಇವನನ್ನು ಕಂಡು ಅದನ್ನು ಒಳಮಗ್ಗುಲು ಹೊರಗೆ ಮಾಡಿ ತೊಟ್ಟುಕೊಂಡ. ಮರಿಸ್ವಾಮಿಗೆ ಅಳುವೇ ಬಂತು. ಆದರೂ ಒಂದು ಧೈರ್ಯ. ಮ್ಯಾನೇಜರ್ ಓದಿದವರು, ಟೈ ಕಟ್ಟುವವರು, ಇಂಥದ್ದನ್ನೆಲ್ಲಾ ನಂಬುವವರಲ್ಲ.

ನಾಲ್ಕು ಗಂಟೆಗೆ ಒಳಗೆ ಹೋದ. ರಾಮಸ್ವಾಮಿಯವರು ಕಿಟಕಿಯಾಚೆ ಓಡುತ್ತಿದ್ದ ಹೊಸ ಯಂತ್ರ ತೋರಿಸಿ, ಅದರ ಬಗ್ಗೆ ಇಂಗ್ಲಿಷಿನಲ್ಲಿ ಮಾತಾಡಿ ಎಂದರು. ಮರಿಸ್ವಾಮಿ ದೇವರನ್ನು ನೆನೆದು ಮೂರನೇ ಮೆಟ್ಟಿಲು ಹತ್ತಿದ.

"ಸಾರ್, ದಿಸ್ ಈಸ್ ದಿ ಬಿಗ್ಗೆಸ್ಟ್ ಮೆಷಿನ್! ದಿ ಫಾಸ್ಟೆಸ್ಟ್ ಮೆಷಿನ್! ಅಂಡ್ ಯೂ ಆರ್ ದಿ..."

ಕರೆಂಟು ಹೋಯಿತು. ಯಂತ್ರ ಗೊರ್ ಎಂದು ನಿಂತಿತು.

ರಾಮಸ್ವಾಮಿಯವರು ಒಂದೇ ನೆಗೆತಕ್ಕೆ ಎದ್ದು ಅವನ ಬಾಯಿಗೆ ಕೈ ಅಡ್ಡ ಹಿಡಿದರು. "ಸಾಕು! ನನ್ನ ವಿಷಯ ಬೇಡ!" ಆಮೇಲೆ ಬಾಗಿಲು ಹಾಕಿ, ಟೈ ಸಡಿಲಿಸಿ, ದನಿ ತಗ್ಗಿಸಿದರು.

"ನೋಡಿ ಮರಿಸ್ವಾಮಿ, ನಾನು ಇದನ್ನೆಲ್ಲಾ ನಂಬೋನಲ್ಲ."

"ಗೊತ್ತು ಸಾರ್."

"ನಂಬೋದೇ ಇಲ್ಲ. ಆದ್ರೂ... ನಮ್ಮ ಪಕ್ಕದ ಮನೆಯವರು ಹೊಸ ಕಾರು ತಗೊಂಡಿದ್ದಾರೆ. ದಿನಾ ನಮ್ಮ ಗೇಟಿಗೇ ಅಡ್ಡ ನಿಲ್ಲಿಸ್ತಾರೆ. ಭಾನುವಾರ ಬಂದು ಅದನ್ನ ನೋಡಿ, ಎರಡು ಮಾತು ಹೇಳಿ ಹೋಗ್ತೀರಾ?"

"ಇಂಗ್ಲಿಷಿನಲ್ಲಾ ಸಾರ್?"

"ಕನ್ನಡದಲ್ಲೇ ಹೇಳ್ರೀ. ಗಟ್ಟಿಯಾಗಿ ತಾಕ್ಲಿ."

"ಸಾರ್, ಹೆಡ್ ಕ್ಲಾರ್ಕ್ ಜಾಗ?"

"ಅಯ್ಯೋ, ಹೆಡ್ ಕ್ಲಾರ್ಕ್ ನನ್ನ ಎದುರಿಗೇ ಕೂರಬೇಕಲ್ರೀ! ಚೆಲುವರಾಜು ಇರ್ಲಿ ಬಿಡಿ."

ಕಾಲೆಳೆದುಕೊಂಡು ಮನೆಗೆ ಬಂದ ಮರಿಸ್ವಾಮಿ ನಡೆದದ್ದನ್ನೆಲ್ಲಾ ಹೇಳಿದ. ಸರೋಜಮ್ಮ ಕಣ್ಣೊರೆಸಿಕೊಂಡು ಇಬ್ಬರಿಗೂ ತಟ್ಟೆ ಇಟ್ಟು ಬಿಸಿ ಮುದ್ದೆ ಬಡಿಸಿದಳು.

"ನಲ್ಲಿ ಹೋದ್ರೆ ಹೋಯ್ತು ಬುಡಿ. ಊರೋರು ಏನಾರ ಅನ್ಕೊಳ್ಳಿ, ನಾನಿಲ್ವಾ?"

ಇಡೀ ದಿನದಲ್ಲಿ ಮರಿಸ್ವಾಮಿಯ ಪರ ನಿಂತವಳು ಇವಳೊಬ್ಬಳೇ. ಮನಸ್ಸು ತುಂಬಿ, ಅವಳನ್ನೇ ನೋಡುತ್ತಾ ಅಂದ:

"ಸರೋಜಾ, ನೀನು ಮೈಸೂರಿಗೇ ಬೆಸ್ಟ್ ಹೆಂಡ್ತಿ ಕಣೇ."

ಸರೋಜಮ್ಮನ ಕೈಯಿಂದ ಸೌಟು ಬಿತ್ತು.

"ಥೂ ಥೂ! ಬಿಡ್ತು ಅನ್ನಿ! ಬಿಡ್ತು ಅನ್ನಿ ರೀ!"

ಓಡಿಹೋಗಿ ಗುಂಟೂರು ಮೆಣಸಿನಕಾಯಿ ಹಿಡಿತುಂಬ ತಂದು, ತನಗೆ ತಾನೇ ನಿವಾಳಿಸಿಕೊಂಡು ಒಲೆಗೆ ಹಾಕಿದಳು. ಇಬ್ಬರೂ ಒಲೆಯ ಮುಂದೆ ಮೂಗರಳಿಸಿ ಕೂತರು. ಮೆಣಸಿನಕಾಯಿ ಚಟಪಟ ಅಂತು, ಕರ್ರಗಾಯಿತು, ಬೂದಿಯಾಯಿತು. ಘಾಟಿನ ಸುಳಿವೇ ಇಲ್ಲ.

ಸರೋಜಮ್ಮ ನಿಧಾನವಾಗಿ ಗಂಡನ ಕಡೆ ತಿರುಗಿದಳು. ಮರಿಸ್ವಾಮಿ ಗಾಬರಿಯಿಂದ ಎದೆ ಹಿಡಿದುಕೊಂಡು ಖೊಳ್ ಖೊಳ್ ಎಂದು ಕೆಮ್ಮತೊಡಗಿದ.

"ನಾಟಕ ಸಾಕು ರೀ" ಎಂದಳು ಅವಳು, ತನ್ನ ತಟ್ಟೆಗೆ ಸೆರಗು ಮುಚ್ಚಿಕೊಳ್ಳುತ್ತಾ. "ಗೋಡೆ ಕಡೆ ತಿರುಗಿ ಊಟ ಮಾಡಿ."